ಬಟ್ಟೆ ಕುಗ್ಗಿದೆ, ತಾಯಿ

ದರ್ಜಿ ಕೆಲಸಕ್ಕೆ ಕೂತವನಿಗೆ ಕತ್ತರಿಗಿಂತ ಮೊದಲು ಪಳಗಬೇಕಾದದ್ದು ನಾಲಿಗೆ ಎಂದು ಮಾವ ಹೇಳುತ್ತಿದ್ದರು. ಹಿಂದೆ ಯಾವಾಗಲೋ ಹೊಲಿಸಿದ ಪ್ಯಾಂಟು ತಂದು, "ಮಾಸ್ಟರ್, ಇದ್ಯಾಕೋ ಸೊಂಟದಲ್ಲಿ ಹಿಡೀತಿದೆ" ಎಂದು ಗಿರಾಕಿ ನಿಂತಾಗ ಅವನ ಹೊಟ್ಟೆಯ ಕಡೆ ಕಣ್ಣು ಹೋಗಬಾರದು. ಬಟ್ಟೆಯನ್ನು ಬೆಳಕಿಗೆ ಹಿಡಿಯಬೇಕು, ಎರಡು ಬೆರಳಲ್ಲಿ ಉಜ್ಜಬೇಕು, ಲೊಚ್ ಎನ್ನಬೇಕು. "ಬಟ್ಟೆ ಕುಗ್ಗಿದೆ ಸಾರ್. ಈಗಿನ ನೂಲೇ ಹಿಂಗೆ, ಎರಡು ನೀರು ಕಾಣೋದ್ರೊಳಗೆ ಮುದುರಿಕೊಳ್ಳುತ್ತೆ. ಬಿಟ್ಟು ಹೋಗಿ, ಸಂಜೆಗೆ ಸರಿ ಮಾಡಿಡ್ತೀನಿ." ತಲೆ ತಗ್ಗಿಸಿ ಬಂದ ಗಿರಾಕಿ ಎದೆ ಸೆಟೆಸಿಕೊಂಡು ಹೋಗುತ್ತಿದ್ದ. ಕಾಯಿಲೆಯಿಂದ ಎದ್ದು ಬಂದವನು, ಹೆಂಡತಿಯನ್ನು ಕಳೆದುಕೊಂಡು ಅರ್ಧವಾದವನು ಬಂದರೆ ಇನ್ನೊಂದು ಮಾತು: "ಬಟ್ಟೆ ಹಿಗ್ಗಿದೆ ಸಾರ್. ಜಗ್ಗಿ ಜಗ್ಗಿ ಒಣಗಿಸಿದಾರೆ."

"ಹಿಗ್ಗೋದು, ಕುಗ್ಗೋದು ಏನಿದ್ರೂ ಬಟ್ಟೆ ಪಾಲಿಗಿರಲಿ ತಾಯಿ," ಎಂದು ಸೊಸೆಗೆ ಹೇಳುವರು. "ಮನುಷ್ಯನನ್ನ ಅಳೆದು ಅವನ ಮುಖಕ್ಕೇ ಹೇಳಬಾರದು. ಈ ಸುಳ್ಳನ್ನ ಮೇಲಿರೋನೂ ಲೆಕ್ಕಕ್ಕೆ ಹಿಡಿಯಲ್ಲ."

ಬೀದಿಯವರಿಗೆಲ್ಲ ಅವರು ಕಾಲರ್ ಮಾಸ್ಟರ್. ಅವರು ಹೊಲಿದ ಅಂಗಿ ಹಳೆಯದಾಗಿ ನೆಲ ಒರೆಸುವ ಅರಿವೆಯಾದರೂ ಕಾಲರ್ ಮಾತ್ರ ಸೆಟೆದೇ ನಿಂತಿರುತ್ತದೆ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿ ಕಡೆಯ ಕಿಟಕಿಯ ಕೆಳಗೆ ಮೆಷಿನ್ನು, ಗೋಡೆಗೆ ಒತ್ತಿಕೊಂಡು ಬಟ್ಟೆ ಕತ್ತರಿಸುವ ಮೇಜು, ಮೇಜಿನ ಅಡಿಯಲ್ಲಿ ಉಳಿದ ತುಂಡುಗಳ ಗಂಟುಗಳು, ಮೂಲೆಯಲ್ಲಿ ಅವರ ಮಂಚ. ಅಂಗಿಯ ಕಾಲರಿನ ಮಡಿಕೆಯಲ್ಲಿ ದಾರ ಪೋಣಿಸಿದ ಸೂಜಿಯೊಂದು ಸದಾ ಚುಚ್ಚಿಕೊಂಡಿರುವುದು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ಅಪ್ಪಾ, ಒಂದಿನ ಅದು ಕುತ್ತಿಗೆಗೇ ಇಳಿಯುತ್ತೆ ನೋಡು" ಎಂದು ಅವನು ಗದರಿದರೆ, "ನಿನ್ನ ಬಾಯಿಗಿಂತ ಚೂಪಿಲ್ಲ ಬಿಡೋ" ಎಂದು ನಗುವರು.

ಹೆರಿಗೆಯಾಗಿ ಮನೆಗೆ ಬಂದ ಸೊಸೆಗೆ ಹಳೆಯ ಬಟ್ಟೆ ಒಂದೂ ಮೈಗೆ ಹತ್ತಲಿಲ್ಲ. ಯಾರ ಹತ್ತಿರವೂ ಹೇಳದೆ ಗಂಡನ ಎರಡು ಅಂಗಿಗಳಲ್ಲೇ ದಿನ ನೂಕುತ್ತಿದ್ದಳು. ಒಂದು ಬೆಳಿಗ್ಗೆ ನೋಡಿದರೆ, ಒಗೆದು ಒಣಹಾಕಿದ್ದ ಅವಳ ಬಟ್ಟೆಗಳೆಲ್ಲ ಇಸ್ತ್ರಿಯಾಗಿ ಕಪಾಟಿನಲ್ಲಿ ಕೂತಿವೆ, ಪ್ರತಿಯೊಂದರ ಪಕ್ಕದ ಹೊಲಿಗೆಯೂ ಅಳತೆಯಾಗಿ ಸಡಿಲಗೊಂಡಿದೆ. ಮಾವ ಅವಳ ಮುಖ ನೋಡದೆ ಮೆಷಿನ್ನಿಗೆ ಎಣ್ಣೆ ಬಿಡುತ್ತ, "ಬಟ್ಟೆ ಕುಗ್ಗಿತ್ತು ತಾಯಿ, ಸ್ವಲ್ಪ ಸ್ವಲ್ಪ ಬಿಟ್ಟಿದೀನಿ" ಎಂದರು. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ತವರೆಂದರೆ ಇದೇ ಇರಬೇಕು ಎನಿಸಿತು.

ಕೂಸಿಗೆ ಪುಟ್ಟಿ ಎಂದೇ ಹೆಸರು ನಿಂತಿತ್ತು. ಮೇಜಿನ ಅಡಿಯಲ್ಲಿ, ಆ ಗಂಟುಗಳ ನಡುವೆ, ಅದರ ಹಾಸಿಗೆ. ಅದಕ್ಕೆ ಜೋಗುಳ ಬೇಕಿರಲಿಲ್ಲ. ಮೆಷಿನ್ನು ಟಕಟಕ ಎನ್ನುತ್ತಿದ್ದರೆ ನಿದ್ದೆ, ನಿಂತರೆ ಎಚ್ಚರ. "ನನ್ನ ಮೊಮ್ಮಗಳಲ್ಲ ಇದು, ಮೇಸ್ತ್ರಿ! ಕೈ ನಿಲ್ಲಿಸಿದ್ರೆ ಸಾಕು, ಗದರುತ್ತೆ" ಎಂದು ಮಾವ ಮತ್ತೆ ಪೆಡಲು ತುಳಿಯುವರು.

ಅಂಥ ಮಾವ ಒಂದು ದಿನ ಬಚ್ಚಲಿನಿಂದ ಮಂಚದವರೆಗೆ ಬರುವಷ್ಟರಲ್ಲಿ ಏದುಸಿರು ಬಿಟ್ಟು ಗೋಡೆ ಹಿಡಿದು ನಿಂತರು. ಪಾದ ಊದಿ ಚಪ್ಪಲಿ ಹತ್ತಲಿಲ್ಲ. ಆಸ್ಪತ್ರೆಯಲ್ಲಿ ಹೃದಯ ಸೋತಿದೆ ಎಂದರು. ಮೈಯಲ್ಲಿ ನಿಂತ ನೀರನ್ನೆಲ್ಲ ತೆಗೆದು, ಬತ್ತಿದ ಮನುಷ್ಯನನ್ನು ಮನೆಗೆ ಕಳಿಸಿದರು. ಕೆನ್ನೆ ಒಳಗೆ ಹೋಗಿ, ಕುತ್ತಿಗೆಯ ಸುತ್ತ ಕಾಲರ್ ಬಳೆಯ ಹಾಗೆ ತಿರುಗುತ್ತಿತ್ತು. ಮಗನಿಗೂ ಸೊಸೆಗೂ ಒಂದೇ ಹಟ: ಮಾವ ಮತ್ತೆ ಮೈ ತುಂಬಿಕೊಳ್ಳಬೇಕು. ಬಾಯಿಗೆ ರುಚಿಯಾಗಲಿ ಎಂದು ಎಲ್ಲಕ್ಕೂ ಉಪ್ಪು ಖಾರ ಮುಂದಾಗಿ ಹಾಕಿ ಬಡಿಸಿದರು. ನೋಡನೋಡುತ್ತ ಕೆನ್ನೆ ತುಂಬಿತು. ಎದುರುಮನೆಯ ಅಜ್ಜಿ ಕಿಟಕಿಯಲ್ಲಿ ಇಣುಕಿ, "ಪರವಾಗಿಲ್ವೇ ಮಾಸ್ಟರ್, ಮೈ ಕೈ ತುಂಬ್ಕೊಂಡಿದೀರ! ಸೊಸೆ ಕೈಗುಣ" ಎಂದಾಗ ಸೊಸೆ ಹಿಗ್ಗಿ ಹೀರೇಕಾಯಿಯಾದಳು. ವಾರ ಕಳೆಯುವುದರೊಳಗೆ ಮಾವ ಮತ್ತೆ ಆಸ್ಪತ್ರೆಯಲ್ಲಿದ್ದರು. ತುಂಬಿಕೊಂಡದ್ದು ಮೈಯಲ್ಲ, ನೀರು.

ಆ ಸಲ ಮಾವನನ್ನು ಆಸ್ಪತ್ರೆಯ ಹಸಿರು ಅಂಗಿಯಲ್ಲೇ ಎಕ್ಸ್‌ರೇಗೆಂದು ನಡೆಸಿಕೊಂಡು ಹೋಗುವಾಗ ಒಂದು ವಿಚಿತ್ರ ನಡೆಯಿತು. ಹಜಾರದ ಬೆಂಚಿನ ಮೇಲೆ ಅವರ ಹಳೆಯ ಗಿರಾಕಿ, ನಿವೃತ್ತ ಹೆಡ್‌ಮಾಸ್ತರರು ಕೂತಿದ್ದರು. ಮಾವ ಅವರನ್ನು ಕಂಡದ್ದೇ ಗೋಡೆಗೆ ಬೆನ್ನು ಕೊಟ್ಟರು. ಕೈ ಮುಗಿದು ನಕ್ಕರು, ಆಮೇಲೆ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತ ಹಜಾರ ದಾಟಿದರು. ತಲೆ ಸುತ್ತಿರಬೇಕು ಎಂದುಕೊಂಡು ಸೊಸೆ ತೋಳು ಹಿಡಿದಳು.

ಈ ಸಲ ಮನೆಗೆ ಬಂದಾಗ ಹಿಂದೆಯೇ ಆಸ್ಪತ್ರೆಯಿಂದ ಒಬ್ಬ ನರ್ಸಮ್ಮನೂ ಬಂದರು. ನಡುವಯಸ್ಸು, ಜೋರು ದನಿ, ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಮಾತು ಶುರು.

"ನನ್ನ ಕೆಲಸ ಏನು ಗೊತ್ತಾ ಮಾಸ್ಟರ್? ನೀವು ಮತ್ತೆ ನಮ್ಮ ಆಸ್ಪತ್ರೆಗೆ ಬರದ ಹಾಗೆ ನೋಡ್ಕೊಳ್ಳೋದು."

"ಎಂಥಾ ಅಂಗಡಿನಮ್ಮ ನಿಮ್ಮದು!" ಎಂದರು ಮಾವ. "ಗಿರಾಕಿ ಬರಬಾರದು ಅಂತ ಸಂಬಳ ಕೊಟ್ಟು ಆಳಿಟ್ಟಿದಾರಲ್ಲ!"

ನರ್ಸಮ್ಮ ನಕ್ಕರು. ಆದರೆ ಅಡುಗೆಮನೆಯಲ್ಲಿ ಸೊಸೆಯೊಬ್ಬಳೇ ಸಿಕ್ಕಾಗ ನಗಲಿಲ್ಲ. "ನೋಡಮ್ಮ, ಒಂದೊಂದು ಸಲ ಆಸ್ಪತ್ರೆ ಸೇರಿದಾಗ್ಲೂ ಈ ಹೃದಯ ಒಂದು ಮೆಟ್ಟಿಲು ಇಳಿಯುತ್ತೆ. ನಾವು ನೀರು ಇಳಿಸಿ ಕಳಿಸ್ತೀವಿ, ಇಳಿದ ಮೆಟ್ಟಿಲು ಹತ್ತಿಸೋಕೆ ಆಗಲ್ಲ. ಇನ್ನೊಂದು ಸಲ ಆದ್ರೆ..." ಎಂದು ಉಪ್ಪಿನ ಡಬ್ಬಿಯನ್ನು ದೂರ ಸರಿಸಿದರು. ಆಮೇಲೆ ಬಿಡಿಸಿ ಹೇಳಿದರು. ಉಪ್ಪು ಹೆಸರಿಗಷ್ಟೇ. ನೀರು ಅಳೆದು. ನೀರು ಇಳಿಸುವ ಮಾತ್ರೆ ತಪ್ಪಬಾರದು. ನೀರು ಮೊದಲು ಪಾದಕ್ಕೆ, ಆಮೇಲೆ ಹೊಟ್ಟೆಗೆ, ಕೊನೆಗೆ ಎದೆಗೆ ಏರುತ್ತದೆ. ಹೊಟ್ಟೆಯಲ್ಲಿದ್ದಾಗಲೇ ಹಿಡಿದರೆ ಮಾತ್ರೆ ಸ್ವಲ್ಪ ಹೆಚ್ಚು ಮಾಡಿ ಮನೆಯಲ್ಲೇ ಇಳಿಸಬಹುದು. ಎದೆಗೆ ಏರಿದರೆ ಆಸ್ಪತ್ರೆಯೇ ಗತಿ.

ದಿನಾ ತೂಕ ನೋಡಬೇಕೆಂದು ಯಂತ್ರ ತಂದರು. ಮಾವನಿಗೆ ಅದರ ಮೇಲೆ ನೆಟ್ಟಗೆ ನಿಲ್ಲಲಾಗದು, ಕೈ ತಾನೇ ತಾನಾಗಿ ಹೊಲಿಗೆ ಮೆಷಿನ್ನಿನ ಮೇಲೆ ಊರುತ್ತದೆ, ಮುಳ್ಳು ತನಗೆ ಬೇಕಾದಲ್ಲಿ ಕುಣಿಯುತ್ತದೆ. ನರ್ಸಮ್ಮ ನೋಡಿ ನೋಡಿ ಕೊನೆಗೆ, "ಇದರ ಜೊತೆಗೆ ಇನ್ನೊಂದು ಇಟ್ಕೊಳ್ಳೋಣ. ನೀವು ಟೈಲರ್ ತಾನೇ? ನಿಮ್ಮ ಪ್ಯಾಂಟೇ ನಿಮ್ಮ ತಕ್ಕಡಿ. ಸೊಂಟ ಬಿಗಿ ಅನ್ನಿಸಿದ ದಿನ ನನಗೆ ಫೋನು. ಆಯ್ತಾ?" ಎಂದರು.

"ಆಯ್ತು ಬಿಡಮ್ಮ. ಅಳತೆ ವಿಷಯಾನ ನನಗೆ ಹೇಳಿಕೊಡ್ಬೇಕಾ?" ಎಂದರು ಮಾವ.

ಆಮೇಲಿನ ದಿನಗಳು ಒಳ್ಳೆಯವೇ. ಸೊಸೆ ಎಲ್ಲರ ಅಡುಗೆಗೂ ಉಪ್ಪು ಇಳಿಸಿದಳು, ಮಾವನೊಬ್ಬರಿಗೇ ಸಪ್ಪೆ ಯಾಕೆ ಎಂದು. ಮಗ ಮುಖ ಕಿವುಚಿಕೊಂಡು ಉಣ್ಣುವನು. ಮಾವ ತಟ್ಟೆ ಮುಂದೆ ಕೂತು, "ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ. ನಮ್ಮ ನರ್ಸಮ್ಮ ಗಾದೇನೇ ಸುಳ್ಳು ಮಾಡಿದ್ಳು ಕಣೋ. ಅದೂ ಇಲ್ಲ, ಇದೂ ಇಲ್ಲ!" ಎಂದು ನಗಿಸುವರು. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮೆಷಿನ್ನು ಓಡುತ್ತಿತ್ತು. ಪುಟ್ಟಿ ಅದರ ಸದ್ದಿನಲ್ಲಿ ಮಲಗುತ್ತಿದ್ದಳು. ಎದುರುಮನೆ ಅಜ್ಜಿ, "ಯಾಕೋ ಮಾಸ್ಟರ್ ಸೊರಗಿದಾರೆ" ಎಂದು ಮರುಗಿದರೆ ಸೊಸೆಗೆ ಒಳಗೊಳಗೇ ಸಮಾಧಾನ. ಮನೆಯ ಹಿರಿಯರು ಸೊರಗಿದ್ದಾರೆ ಎಂದರೆ ಹಿಗ್ಗುವ ಸೊಸೆ ಲೋಕದಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡು ನಗುವಳು.

ಯಾವಾಗ ಅದು ತಿರುಗಿತು ಎಂದು ಹೇಳುವುದು ಕಷ್ಟ. ಪುಟ್ಟಿ ಹಗಲಲ್ಲಿ ಆಗಾಗ ಎಚ್ಚರಗೊಂಡು ಅಳತೊಡಗಿದಳು. ಹಲ್ಲು ಬರುತ್ತಿದೆ, ಅದಕ್ಕೇ ಎಂದುಕೊಂಡಳು ಸೊಸೆ. ಮಾವ ಮಂಚಕ್ಕಿಂತ ಕುರ್ಚಿಯೇ ಹಿತ ಎನ್ನತೊಡಗಿದರು. ಸೆಕೆ ಎಂದರು. ನರ್ಸಮ್ಮ ಫೋನಿನಲ್ಲಿ, "ಉಸಿರಾಡೋಕೆ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?" ಎಂದು ಕೇಳಿದ್ದಕ್ಕೆ, "ಒಂದೇ ಕಣಮ್ಮ, ನನಗ್ಯಾಕೆ ರಾಜನ ಥರ ರಾಶಿ ದಿಂಬು?" ಎಂದರು. ಸುಳ್ಳಲ್ಲ, ದಿಂಬು ಒಂದೇ. ಅದರ ಕೆಳಗೆ ತುಂಡು ಬಟ್ಟೆಯ ಗಂಟುಗಳಿದ್ದವು.

ಆಮೇಲೊಂದು ಮಧ್ಯಾಹ್ನ. ಸೊಸೆ ಪುಟ್ಟಿಗೆ ಹಾಲು ಕುಡಿಸಿ ಹೊರಗೆ ಬಂದರೆ ಮಾವ ತೊಡೆಯ ಮೇಲೆ ತಮ್ಮದೇ ಪ್ಯಾಂಟು ಹರವಿಕೊಂಡು, ಬ್ಲೇಡಿನ ತುದಿಯಿಂದ ಸೊಂಟದ ಹಿಂಭಾಗದ ಹೊಲಿಗೆ ಬಿಚ್ಚುತ್ತಿದ್ದಾರೆ.

"ಏನ್ ಮಾವ ಅದು?"

"ಏನಿಲ್ಲ. ಬಟ್ಟೆ ಕುಗ್ಗಿದೆ, ತಾಯಿ."

ಅವಳು ನಿಂತಳು. ಮಾವ ತಲೆ ಎತ್ತದೆ, "ಬಿಸಿನೀರಲ್ಲಿ ನೆನೆಹಾಕಿದ್ಯಾ?" ಎಂದು ಕೇಳಿದರು.

ಹೌದು, ಹಾಕಿದ್ದಳು. ಪುಟ್ಟಿಯ ಬಟ್ಟೆಗೆಂದು ಕುದಿಸಿದ ನೀರಲ್ಲೇ ಎಲ್ಲರದನ್ನೂ ಅದ್ದಿದ್ದಳು. "ಅಯ್ಯೋ, ನಂದೇ ತಪ್ಪು ಮಾವ. ಇನ್ಮೇಲೆ ತಣ್ಣೀರಲ್ಲೇ ಒಗೀತೀನಿ" ಎಂದಳು. "ಪರವಾಗಿಲ್ಲ ಬಿಡು. ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದೀನಿ. ದರ್ಜಿ ಪ್ಯಾಂಟಿಗೆ ಬರಗಾಲ ಬರುತ್ತಾ?" ಎಂದು ಮಾವ ಹಲ್ಲಿನಿಂದ ದಾರ ಕಡಿದರು. ಒಳಗೆ ಹಾಲು ಉಕ್ಕುವ ಸದ್ದಾಯಿತು, ಅವಳು ಓಡಿದಳು.

ಕೆಲವು ದಿನಗಳ ಮೇಲೆ ನರ್ಸಮ್ಮ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮಾತು ನಿಂತಿತು. ಕುರ್ಚಿಯಲ್ಲಿ ಕೂತ ಮಾವನ ಪ್ಯಾಂಟಿನ ಕಾಲನ್ನು ಮೇಲಕ್ಕೆ ಸರಿಸಿ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು, ಹಿಟ್ಟಿನ ಮುದ್ದೆಗೆ ಒತ್ತಿದ ಹಾಗೆ. ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು.

"ಸೊಂಟ ಬಿಗಿಯಾದ್ರೆ ಫೋನ್ ಮಾಡಿ ಅಂದಿದ್ನಲ್ಲಮ್ಮ?"

"ಬಿಗಿಯಾಗಿರಲಿಲ್ಲ ಸಿಸ್ಟರ್," ಎಂದಳು ಸೊಸೆ. "ಪ್ಯಾಂಟು ಸಡಿಲವಾಗೇ ಇತ್ತು. ಮೊನ್ನೆ ಬಟ್ಟೆ ಕುಗ್ಗಿ..."

ತಾನು ಏನು ಹೇಳಿದೆ ಎಂಬುದು ಅವಳ ಕಿವಿಗೇ ಈಗ ಬಿತ್ತು. ನರ್ಸಮ್ಮ ಬಗ್ಗಿ ಪ್ಯಾಂಟಿನ ಪಟ್ಟಿಯ ಒಳಮಗ್ಗುಲನ್ನು ಹೊರಗೆ ಮಗುಚಿದರು. ಹಳೆಯ ಹೊಲಿಗೆ ಇದ್ದಲ್ಲಿ ಸೂಜಿಯ ತೂತುಗಳ ಸಾಲು. ಅದರಾಚೆ ಇನ್ನೊಂದು ಸಾಲು. ಅದರಾಚೆ ಈಗಿನ ಹೊಲಿಗೆ, ಬಟ್ಟೆಯ ಅಂಚಿಗೇ ಬಂದು ನಿಂತಿತ್ತು. ಬಿಡಲು ಇನ್ನು ಬಟ್ಟೆ ಇರಲಿಲ್ಲ.

ಮಾವ ಕಿಟಕಿಯ ಕಡೆ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಅವರಿಗೆ ಮತ್ತೆ ಆ ಹಸಿರು ಅಂಗಿ ತೊಡಿಸಿದರು. ಎಲ್ಲರಿಗೂ ಒಂದೇ ಅಳತೆ, ಕುತ್ತಿಗೆಯ ಹತ್ತಿರ ಒಂದು ಲಾಡಿ, ಕೆಳಗೆಲ್ಲ ಬೆನ್ನು ಬಯಲು. ಮಾವ ಮುಂದೆ ಮೇಜಿಗೆ ಬಾಗಿ, ಮೂಗಿಗೆ ಕೊಳವೆ ಹಾಕಿಸಿಕೊಂಡು ಕೂತಿದ್ದರು. ಒಂದು ಕೈ ಮಾತ್ರ ಹಿಂದಕ್ಕೆ ಹೋಗಿ ಹೋಗಿ ಅಂಗಿಯ ಎರಡು ಅಂಚುಗಳನ್ನು ಕೂಡಿಸಿ ಹಿಡಿಯುತ್ತಿತ್ತು.

"ಹಿಂದೆ... ಕಾಣ್ತಿದೆಯಾ?"

"ಏನು ಮಾವ?"

"ಬೆನ್ನು."

ಸೊಸೆ ತನ್ನ ವೇಲು ಹೊದಿಸಿದಳು. ಅದು ಜಾರಿತು. ಉಸಿರು ಸಿಕ್ಕಿದಾಗ ಒಂದೊಂದು ತುಂಡಾಗಿ ಅವರು ಹೇಳಿದರು: "ಆ ದಿನ... ಹೆಡ್‌ಮಾಸ್ತರು ಕೂತಿದ್ರಲ್ಲ... ಜೀವಮಾನವೆಲ್ಲ ಅವರ ಬೆನ್ನಿನ ಅಳತೆ ತಗೊಂಡೋನು ನಾನು... ನನ್ನ ಬೆನ್ನು ಅವರಿಗೆ ತೋರಿಸಿಕೊಂಡು ಹೋಗ್ಲಾ?... ಇದನ್ನ ಹೊಲಿದೋನು... ಮನುಷ್ಯನಿಗೆ ಹಿಂಬದಿ ಇದೆ ಅನ್ನೋದೇ ಮರೆತಿದಾನೆ."

"ಅದಕ್ಕೇನಾ ಮಾವ? ಅದಕ್ಕೇನಾ ಹೇಳದೇ ಇದ್ದಿದ್ದು?"

"ಫೋನ್ ಅಂದ್ರೆ... ಇಲ್ಲಿಗೇ ತರೋದು ಅಂದ್ಕೊಂಡೆ."

ಅವಳ ಗಂಟಲವರೆಗೆ ಬಂತು: ಇಲ್ಲ ಮಾವ, ಮಾತ್ರೆ ಹೆಚ್ಚು ಮಾಡ್ತಿದ್ರು ಅಷ್ಟೇ, ಮನೆಯಲ್ಲೇ ಇರ್ತಿದ್ರಿ, ಮೆಷಿನ್ ಮುಂದೆ ಕೂತಿರ್ತಿದ್ರಿ. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿದಳು. ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ, ಲೊಚ್ ಎಂದು, "ಈ ಅಂಗಿಯೇ ಸರಿ ಇಲ್ಲ ಮಾವ. ಬಟ್ಟೇದೇ ತಪ್ಪು" ಎಂದಳು.

ಮಾವ ತಿರುಗಿ ನೋಡಿದರು. ಅವಳು ಹೇಳಿದ್ದು ಯಾವ ಮಾತು ಎಂದು ಅವರಿಗೆ ಗೊತ್ತಾಯಿತು. ಕಣ್ಣಲ್ಲಿ ಸಣ್ಣದೊಂದು ನಗೆ ಆಡಿತು.

ಮನೆಯಿಂದ ತೊಟ್ಟು ಬಂದಿದ್ದ ಅಂಗಿ ಚೀಲದಲ್ಲಿತ್ತು. ಅದರ ಕಾಲರಿನಲ್ಲಿ ಸೂಜಿ ಹಾಗೇ ಇತ್ತು, ದಾರವೂ. ಅವಳು ಮಂಚದ ಅಂಚಿನಲ್ಲಿ ಕೂತು, ಹಸಿರು ಅಂಗಿಯ ಬೆನ್ನನ್ನು ಮೇಲಿನಿಂದ ಕೆಳಗೆ ಹೊಲಿಯತೊಡಗಿದಳು. ನರ್ಸಮ್ಮ ಒಳಗೆ ಬಂದವರು ನೋಡಿ ಬಾಗಿಲಲ್ಲೇ ನಿಂತರು.

"ದೊಡ್ಡದಾಯ್ತು," ಎಂದರು ಮಾವ, ನೋಡದೆಯೇ. ಬೆನ್ನಿಗೆ ತಾಗಿದ ಬೆರಳಿನಲ್ಲೇ ಹೊಲಿಗೆಯ ಅಳತೆ ಅವರಿಗೆ ಸಿಕ್ಕಿತ್ತು. "ಒತ್ತೊತ್ತಾಗಿ ಹಾಕು."

"ಆಯ್ತು ಮಾವ."

"ಕೊನೇಲಿ ಗಂಟು... ಒಳಗಡೆ ಬರ್ಲಿ."

ಹೊಲಿದು ಮುಗಿದ ಮೇಲೆ ಅವರ ಹಿಂದಿನ ಕೈ ಮುಂದಕ್ಕೆ ಬಂತು. ಎರಡೂ ಕೈ ಮೇಜಿನ ಮೇಲಿಟ್ಟು, ತಲೆ ಅದರ ಮೇಲೆ ಒರಗಿಸಿ, ಮಾವ ಕಣ್ಣು ಮುಚ್ಚಿದರು. ಹೊರಗೆ ಹಜಾರದಲ್ಲಿ ನರ್ಸಮ್ಮ ಮೂಗು ಒರೆಸಿಕೊಂಡು, "ಒಂದು ಮಾತು ಹೇಳಿದ್ರೆ ಮನೆ ಅಂಗೀನೇ ಹಾಕಿಸ್ತಿದ್ನಲ್ಲಮ್ಮ. ದಿಂಬು ಕೇಳ್ದೆ, ಉಪ್ಪು ಕೇಳ್ದೆ, ಇದನ್ನ ಕೇಳೋಕೆ ನನಗೂ ಹೊಳೀಲಿಲ್ಲ" ಎಂದರು.

ಸೂಜಿಮದ್ದಿಗೆ ನೀರೆಲ್ಲ ಇಳಿಯಿತು. ಪಾದದ ಮೂಳೆ ಮತ್ತೆ ಕಂಡಿತು, ಮುಖ ಹಿಂದಿನ ಮುಖವಾಯಿತು. ಮೆಟ್ಟಿಲು ಮಾತ್ರ ಇಳಿದಾಗಿತ್ತು. ಎರಡನೆಯ ದಿನ ಮಧ್ಯಾಹ್ನ, ಮಗ ಡಿಪೋದಿಂದ ಎಣ್ಣೆಗೈಯಲ್ಲೇ ಓಡಿ ಬರುವಷ್ಟರಲ್ಲಿ, ಸುತ್ತ ಜನ ಸೇರಿ ಎದೆ ಒತ್ತುತ್ತಿದ್ದರು. ಅಂಗಿ ತೆಗೆಯಲು ಬರಲಿಲ್ಲವೆಂದು ಯಾರೋ ಕತ್ತರಿ ಹಾಕಿ ಬೆನ್ನಿನ ಹೊಲಿಗೆಯನ್ನು ಸರ್ರನೆ ಸೀಳಿದರು. ಆಮೇಲೆ ಆ ಅಂಗಿಯ ಅಗತ್ಯವೂ ಬೀಳಲಿಲ್ಲ, ಉಸಿರು ನಿಂತಿತ್ತು.

ಮಾವನನ್ನು ಮನೆಗೆ ತಂದ ಮೇಲೆ ಬೀದಿಯ ಜನ ಹೊರಗೆ ಸೇರಿದ್ದರು. ಹೆಡ್‌ಮಾಸ್ತರರು ಎಲ್ಲರಿಗಿಂತ ಮುಂದೆ, ಮಾವ ಹೊಲಿದ ಕೋಟು ತೊಟ್ಟು ನಿಂತಿದ್ದರು. ಒಳಗೆ ಗಂಡ ಅಪ್ಪನ ಪ್ಯಾಂಟು ಹಿಡಿದು ಬಂದ.

"ಇದು ನಿಲ್ಲಲ್ಲ ಕಣೇ. ಅಪ್ಪ ಪೂರ್ತಿ ಸಣ್ಣ..."

"ಹಂಗನ್ನಬೇಡಿ," ಎಂದಳು. "ಕೊಡಿ ಇಲ್ಲಿ."

ಅವಳು ಮೆಷಿನ್ನಿನ ಮುಂದೆ ಕೂತಳು. ಪಟ್ಟಿಯನ್ನು ಒಳಗಿನಿಂದ ಮಗುಚಿ, ಅಂಚಿಗೆ ಬಂದಿದ್ದ ಹೊಲಿಗೆಯನ್ನು ಬ್ಲೇಡಿನಲ್ಲಿ ಬಿಚ್ಚಿದಳು. ಎಲ್ಲಿಗೆ ಹಿಡಿಯಬೇಕೆಂದು ಅಳೆಯಬೇಕಾಗಿರಲಿಲ್ಲ. ಮೊದಲನೆಯ ತೂತುಗಳ ಸಾಲು ಕಣ್ಣ ಮುಂದೆಯೇ ಇತ್ತು, ಮಾವ ಗಟ್ಟಿಮುಟ್ಟಾಗಿದ್ದಾಗ ತಮ್ಮ ಕೈಯಿಂದಲೇ ಹೊಲಿದ ಗೆರೆ. ಅದಕ್ಕೂ ಒಂದಿಷ್ಟು ಒಳಗೆ ಹಿಡಿದಳು. ಅಷ್ಟರಲ್ಲಿ ಮೇಜಿನ ಅಡಿಯಲ್ಲಿ ಪುಟ್ಟಿ ಎದ್ದು ಅಳತೊಡಗಿದಳು. ಎದುರುಮನೆ ಅಜ್ಜಿ ಎತ್ತಿಕೊಳ್ಳಲು ಬಂದರೆ ಅಳು ಇನ್ನೂ ಜೋರಾಯಿತು.

ಸೊಸೆ ಪ್ಯಾಂಟನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳಲ್ಲಿ ಉಜ್ಜಿದಳು. ಮಾವನನ್ನು ಮಲಗಿಸಿದ್ದ ಮಂಚದ ಕಡೆ ತಿರುಗಿ, ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದಳು:

"ಬಟ್ಟೆ ಹಿಗ್ಗಿದೆ, ಮಾವ. ಈಗ ಸರಿ ಮಾಡಿಕೊಡ್ತೀನಿ."

ಪೆಡಲು ತುಳಿದಳು. ಟಕಟಕ ಸದ್ದಿಗೆ ಪುಟ್ಟಿಯ ಅಳು ಬಿಕ್ಕಾಯಿತು, ಬಿಕ್ಕು ನಿಟ್ಟುಸಿರಾಯಿತು. ಹೊಲಿಗೆ ಬೇಗ ಮುಗಿಯಿತು. ಅಷ್ಟೇನೂ ಉದ್ದವಿರಲಿಲ್ಲ. ಗಂಡ ಬಂದು ಪ್ಯಾಂಟು ಒಯ್ದ. ಅವಳು ಸೂಜಿಯಿಂದ ದಾರ ಎಳೆದು ತೆಗೆದು, ಬಟ್ಟೆಯಿಲ್ಲದ ಬರಿಯ ಮೆಷಿನ್ನನ್ನು ಹಾಗೇ ತುಳಿಯುತ್ತ ಕೂತಳು. ಕೂಸು ಈಗಷ್ಟೇ ಕಣ್ಣು ಮುಚ್ಚಿತ್ತು.